ಮಿಲ್ಲಿನ ಕೂಗಿಗೂ ಮುಂಚೆ ಹುಲಿಯಪ್ಪನ ಹಲಗೆ

ಬೆಳಗಿನ ನಾಲ್ಕು ಗಂಟೆ. ದಾವಣಗೆರೆಯ ಪುರಸಭೆ ಕಟ್ಟಡದ ಹಿಂದೆ ಹುಲಿಯಪ್ಪ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುತ್ತಿದ್ದಾರೆ. ಇಬ್ಬನಿಗೆ ಚರ್ಮ ಸಡಿಲಾಗಿದೆ. ಬೆರಳಿನಿಂದ ತಟ್ಟಿ ನೋಡುತ್ತಾರೆ, ಮತ್ತೆ ಕಾಯಿಸುತ್ತಾರೆ, ನಡುನಡುವೆ ಮೂಡಲ ದಿಕ್ಕಿನತ್ತ ಕಣ್ಣು ಹಾಯಿಸುತ್ತಾರೆ. ಪಕ್ಕದಲ್ಲಿ ಗುಮಾಸ್ತ ಬಕ್ಕೇಶಪ್ಪ ಲಾಟೀನು ಹಿಡಿದು ಸರ್ಕಾರಿ ಆಜ್ಞೆಯನ್ನು ಎರಡನೇ ಸಲ ಓದುತ್ತಿದ್ದಾರೆ. ಓದು ಬಾರದ ಹುಲಿಯಪ್ಪ ಅದನ್ನು ತುಟಿಯಲ್ಲೇ ಆಡಿಕೊಂಡು ಬಾಯಿಪಾಠ ಮಾಡುತ್ತಾರೆ.

ಮಿಲ್ ಕಾರ್ಮಿಕರ ಮುಷ್ಕರ ಬಿಗಡಾಯಿಸಿ ರಾತ್ರಿ ನೂರ ನಲವತ್ತನಾಲ್ಕನೇ ಸೆಕ್ಷನ್ನಿನ ಆಜ್ಞೆ ಹೊರಟಿದೆ. ಬೆಳಗಿನ ಆರರಿಂದ ಬೀದಿಯಲ್ಲಿ ಐದು ಜನ ಸೇರುವಂತಿಲ್ಲ, ಮೆರವಣಿಗೆ ಹೊರಡುವಂತಿಲ್ಲ, ವಾದ್ಯ ಬಾರಿಸುವಂತಿಲ್ಲ. ನಾಲ್ಕಕ್ಕೂ ಮುಂಚೆ ಹಲಗೆ ಬಡಿದರೆ ನಿದ್ದೆ ಕೆಡಿಸಿದ ತಪ್ಪು. ಆರು ದಾಟಿದರೆ ಆಜ್ಞೆ ಮುರಿದ ತಪ್ಪು. ಇದರ ನಡುವಿನ ಎರಡು ತಾಸಿನಲ್ಲಿ ಮೂವತ್ತೆಂಟು ಮೂಲೆ ಮುಟ್ಟಬೇಕು.

“ಆರಕ್ಕೆ ಮಿಲ್ ಕೂಗ್ತೈತೆ ನೋಡ್ರಿ. ಆಮ್ಯಾಲೆ ಕೋಲು ಎತ್ತಿದ್ರೆ ನಾನೇ ಕಳ್ಳ. ಬಿಳೇರು ಹೋಗಿ ಹತ್ತು ವರ್ಷದ ಮ್ಯಾಲಾತು, ಅವರ ಕಾಯ್ದೆ ಮಾತ್ರ ಇಲ್ಲೇ ಮನಿ ಮಾಡೇತೆ.”

ಊರದೇವತೆ ದುರ್ಗವ್ವನ ಹೆಸರು ಹೇಳಿ, ಹಲಗೆಯನ್ನು ಕಣ್ಣಿಗೊತ್ತಿಕೊಂಡು ಹೊರಡುತ್ತಾರೆ.

ಆವರಗೆರೆಯ ಹುಲಿಯಪ್ಪನವರಿಗೆ ಈಗ ಐವತ್ತೆರಡು. ಡಂಗುರ ಸಾರಲು ಹಿಡಿದು ಹತ್ತೊಂಬತ್ತು ವರ್ಷ. ಒಂದೊಂದು ಮೂಲೆಗೆ ಒಂಬತ್ತು ಪೆಟ್ಟು, ಎರಡು ಸಲ ಕೂಗು. ಎರಡು ವರ್ಷದ ಹಿಂದೆ ಹರಿಹರಕ್ಕೆ ಇಂಥದೇ ಆಜ್ಞೆ ಸಾರಲು ಹೋಗಿದ್ದರು. ಹಲಗೆ ಕೇಳಿದರೆ ಮಂದಿ ಮನೆಯೊಳಗೆ ಕೂರುತ್ತಾರೆಯೇ? ಇಪ್ಪತ್ತು ಜನ ಸುತ್ತ ನೆರೆದರು. ಹೊಸದಾಗಿ ಬಂದಿದ್ದ ಪೇದೆ, ಗುಂಪು ಕೂಡಿಸಿದನೆಂದು ಹುಲಿಯಪ್ಪನನ್ನೇ ಹಿಡಿದ. ಸಂಜೆಯವರೆಗೆ ಲಾಕಪ್ಪು.

“ಗುಂಪು ಕೂಡಬ್ಯಾಡ್ರಿ ಅಂತ ಹೇಳಾಕೆ ಗುಂಪು ಕೂಡಿಸಬೇಕಲ್ರಿ, ಏನು ಮಾಡ್ಲಿ?” ಎಂದು ನಗುತ್ತಾರೆ. ನಗು ಕಣ್ಣು ಮುಟ್ಟುವುದಿಲ್ಲ. ಅಂದಿನಿಂದ ಮೊದಲ ಪೆಟ್ಟಿನ ಜೊತೆಗೇ ಕೂಗುತ್ತಾರೆ: “ಯಾರೂ ಇಳೀಬ್ಯಾಡ್ರಪ್ಪೋ! ನಿಮ್ಮ ನಿಮ್ಮ ಹೊಸ್ತಿಲ ಮ್ಯಾಲೇ ನಿಂತು ಕೇಳ್ರಿ!”

ಲಾಕಪ್ಪಿಗಿಂತ ದೊಡ್ಡ ಭಯ ಇನ್ನೊಂದಿದೆ. “ನಾನು ಮುಟ್ಟಲಾರದ ಓಣ್ಯಾಗೆ ಏನೂ ಅರೀದ ಮನುಷ್ಯಾ ಸಿಕ್ಕಿಬಿದ್ರೆ, ಆ ಪಾಪ ಯಾರಿಗ್ರಿ?”

ಮೂವತ್ತೇಳು ಮೂಲೆ ಮುಗಿದಿವೆ. ಕೊನೆಯದು ಮಂಡಕ್ಕಿ ಭಟ್ಟಿಯ ಓಣಿ. ಹುಲಿಯಪ್ಪ ಓಡುನಡಿಗೆಯಲ್ಲಿ ತಿರುವಿಗೆ ಬರುವಷ್ಟರಲ್ಲಿ ಮಿಲ್ ಕೂಗುತ್ತದೆ. ಎತ್ತಿದ ಕೋಲು ಅಲ್ಲೇ ಇಳಿಯುತ್ತದೆ. ಎದುರಿಗೆ, ಮಂಡಕ್ಕಿ ಹುರಿಯುವ ಇಮಾಂಬೀಯ ಮನೆಯ ಮುಂದೆ ಚಪ್ಪರ. ಇವತ್ತು ಮಗಳ ನಿಕಾ. ಹರಿಹರದಿಂದ ಮದುಮಗನ ಕಡೆಯವರು ಬ್ಯಾಂಡಿನ ಸಮೇತ ಏಳರ ರೈಲಿಗೆ ಇಳಿಯುತ್ತಾರೆ.

“ಏನ್ ಹುಲಿಯಪ್ಪಣ್ಣ, ಹಲಗೆ ಬಡೀದೆ ಕಳ್ಳನಂಗೆ ಬಂದೀಯಲ್ಲ? ಊಟಕ್ಕಾದ್ರೆ ಇನ್ನಾ ಒಲೆನೇ ಹಚ್ಚಿಲ್ಲಪಾ.”

“ಊಟ ಇರ್ಲಿ ಯವ್ವಾ. ಬೀದ್ಯಾಗೆ ಐದು ಮಂದಿ ಕೂಡಂಗಿಲ್ಲ, ಬಾಜಾ ಬಡಿಯಂಗಿಲ್ಲ. ಸರ್ಕಾರದ ಆರ್ಡರು.”

ಇಮಾಂಬೀಯ ಮುಖ ಬಿಗಿಯುತ್ತದೆ. “ಹಲಗೆ ಸದ್ದೇ ಇಲ್ಲ, ಆರ್ಡರು ಎಲ್ಲಿಂದ ಬಂತು? ನಿಕಾ ಕೆಡಸಾಕೆ ಯಾರಾರ ಕಳಿಸ್ಯಾರೇನು?”

ಈ ಊರಿನಲ್ಲಿ ಹಲಗೆಯಿಲ್ಲದ ಮಾತು ಬರೀ ಗಾಳಿಮಾತು. ಬಡಿದರೆ ಲಾಕಪ್ಪು. ಬಡಿಯದಿದ್ದರೆ ಮದುಮಗನೇ ಠಾಣೆಯ ಪಾಲು. ಹುಲಿಯಪ್ಪ ಹೆಗಲಿನಿಂದ ಹಲಗೆ ಬಿಚ್ಚಿ ಅವಳ ಜಗಲಿಯ ಮೇಲೆ ಇಡುತ್ತಾರೆ.

“ನಮ್ಮಪ್ಪ ಹೊತ್ತ ಹಲಗೆ ಇದು. ಇಟ್ಕಾ. ನನ್ನ ಮಾತು ಸುಳ್ಳಾದ್ರೆ ಇದನ್ನೇ ನಿನ್ನ ಒಲೆಗೆ ಹಾಕು.”

ಇಮಾಂಬೀ ಹಲಗೆಯನ್ನು ನೋಡುತ್ತಾಳೆ, ಅವರ ಬರಿಯ ಹೆಗಲನ್ನು ನೋಡುತ್ತಾಳೆ. “ಚಾಂದ್! ಸೈಕಲ್ ತಗಿಯೋ! ಸ್ಟೇಷನ್ನಿಗೆ ಓಡು!” ಎಂದು ತಮ್ಮನನ್ನು ಕೂಗುತ್ತಾಳೆ.

ಹುಲಿಯಪ್ಪ ಮನೆಗೆ ಹೋಗುವುದಿಲ್ಲ. ಓಣಿಯ ಬಾಯಲ್ಲಿ ಕಲ್ಲಿನ ಮೇಲೆ ಕೂತು ದಾರಿ ಕಾಯುತ್ತಾರೆ. ಏಳೂವರೆಗೆ ಮದುಮಗ ಮೂವರೊಡನೆ ನಡೆದು ಬರುತ್ತಾನೆ. ಅಷ್ಟು ದೂರ ಬಿಟ್ಟು ಇನ್ನು ನಾಲ್ವರು, ಮತ್ತೆ ನಾಲ್ವರು. ವಾದ್ಯಗಳೆಲ್ಲ ಗೋಣಿಚೀಲ ಸೇರಿವೆ. ಲಾಠಿ ಹಿಡಿದ ಪೇದೆಗಳು ತಲೆ ಎಣಿಸುತ್ತಾರೆ, ಹುಲಿಯಪ್ಪನೂ ಎಣಿಸುತ್ತಾರೆ. ಕೊನೆಯ ತಂಡದಲ್ಲಿ ಐದು ತಲೆ ಕಂಡು ಅವರು ಎದ್ದೇ ನಿಲ್ಲುತ್ತಾರೆ. ಐದನೆಯದು ಅಜ್ಜಿಯ ಕಂಕುಳಲ್ಲಿ ಮಲಗಿದ ಕೂಸು. ಪೇದೆ ಮುಖ ತಿರುಗಿಸುತ್ತಾನೆ.

ಮಾತು ಮುಟ್ಟಿಸುವುದೂ ಪೂಜೆಯೇ ಎಂದು ನಮ್ಮ ಹಳ್ಳಿಯ ಹಿರಿಯರು ಹೇಳುತ್ತಿದ್ದರು. ಪೂಜೆ ಮುಗಿಸಿದವರ ಹಾಗೆ ಹುಲಿಯಪ್ಪ ಉಸಿರು ಬಿಡುತ್ತಾರೆ. ಇಮಾಂಬೀ ಹಲಗೆಯನ್ನು ಸೆರಗಿನಿಂದ ಒರೆಸಿ, ತಾನೇ ತಂದು ಕೈಗಿಡುತ್ತಾಳೆ. ಏನಾದರೂ ಆಸೆ ಉಂಟೇ ಎಂದು ನಾನು ಕೇಳಿದರೆ, ಹಲಗೆಯನ್ನು ಹೆಗಲಿಗೇರಿಸುತ್ತಾ ಅವರು ಹೇಳುವುದಿಷ್ಟು:

“ಹತ್ತೊಂಬತ್ತು ವರ್ಷ ‘ಬರಬ್ಯಾಡ್ರಿ, ನಿಲ್ಲಬ್ಯಾಡ್ರಿ, ಕೂಡಬ್ಯಾಡ್ರಿ’ ಅಂತಾನೇ ಸಾರೀನಿ. ರಟ್ಟೆ ಸೋಲೋದ್ರೊಳಗೆ ಒಂದ್ಸಲ, ‘ಎಲ್ರೂ ಬರ್ರಿ, ಕೂಡ್ರಿ’ ಅನ್ನೋ ಆರ್ಡರು ಯಾರಾರ ಬರ್ದು ಕೊಡ್ಲಿ. ಅದನ್ನ ಹರಿಹರದ ತನಕ ನಡಕೊಂತಾನೇ ಸಾರ್ತೀನಿ.”