ನಂಬರ್ ಪ್ಲೇಟಿಗೆ ಮುಸುಕು ಹಾಕಿದವನು

ನೊಂಗ್‌ಸಿಮ್ ಊರಿನ ಕಾಂಪನ್ ಹೊಟ್ಟೆಪಾಡಿಗೆ ಬೈಕ್ ರಿಪೇರಿ ಮಾಡುತ್ತಿದ್ದ. ಅವನ ನಿಜವಾದ ಕಸುಬು ಮಾತ್ರ ಜಗತ್ತನ್ನು ಓದುವುದು. ಗೋಡೆಯ ಮೇಲೆ ದೊಡ್ಡ ಹಲ್ಲಿ ಏಳು ಸಲ ಕೂಗಿತೆ? ಏಳು. ಬಾಳೆಗಿಡ ಕಾಂಡದ ನಡುವಿನಲ್ಲಿ ಹೂ ಬಿಟ್ಟಿತೆ? ಅದರ ಗೊನೆಯ ಚಿಪ್ಪುಗಳನ್ನು ಎಣಿಸು. ಹೆದ್ದಾರಿಯಲ್ಲಿ ಲಾರಿ ಮಗುಚಿತೆ? ಡ್ರೈವರ್ ಬದುಕಿದ್ದಾನೆಯೇ ಎಂದು ಉಳಿದವರು ನೋಡುವ ಹೊತ್ತಿಗೆ ಕಾಂಪನ್ ಕೆಸರಿನಲ್ಲಿ ಮಂಡಿಯೂರಿ ಲಾರಿಯ ನಂಬರ್ ಪ್ಲೇಟ್ ಒರೆಸುತ್ತಿದ್ದ. ಊರಿನಲ್ಲಿ ಎಲ್ಲರಿಗೂ ಈ ಚಟ ಅಷ್ಟಿಷ್ಟು ಇತ್ತು, ನಿಜ. ಆದರೆ ಅವರು ಮಳೆ ನೋಡಿದ ಹಾಗೆ ನೋಡಿ ಒಳಗೆ ಹೋಗುತ್ತಿದ್ದರು. ಕಾಂಪನ್ ನೆನೆಯುತ್ತ ನಿಲ್ಲುತ್ತಿದ್ದ.

ತಿಂಗಳ ಒಂದನೇ ತಾರೀಕು, ಹದಿನಾರನೇ ತಾರೀಕು ಮಧ್ಯಾಹ್ನ ಲಾಟರಿ ಎತ್ತುತ್ತಿದ್ದರು. ಅದರ ಕೊನೆಯ ಎರಡು ಅಂಕಿಯ ಮೇಲೆ ಊರಲ್ಲಿ ಗುಟ್ಟಿನ ಆಟ. ಪಪಾಯಿ ಕೋಸಂಬರಿ ಮಾರುವ ಬುವಾಲೈ ಅಕ್ಕ ಅದನ್ನು ಕುಟ್ಟುವ ಒರಳಿನ ಹಿಂದೆ ಚೀಟಿ ಬರೆದುಕೊಳ್ಳುತ್ತಿದ್ದಳು. ಕಾಂಪನ್ ಸೋತನೆಂದು ಅವನ ಬಾಯಿಂದ ಯಾರೂ ಕೇಳಿದವರಿಲ್ಲ. ಮೂವತ್ತಾರು ಕಟ್ಟಿ ಅರವತ್ತಮೂರು ಬಂದರೆ, "ನೋಡಿದ್ಯಾ, ಬಾಗಿಲ ತನಕ ಬಂದಿತ್ತು, ಬೆನ್ನು ತಿರುಗಿಸಿ ನಿಂತಿತ್ತು ಅಷ್ಟೇ" ಎನ್ನುತ್ತಿದ್ದ. ಮೂವತ್ತೇಳು ಬಂದರೆ ಪಕ್ಕದ ಮನೆಗೆ ಹೋಯಿತು ಎಂದು ಲೆಕ್ಕ. ಇಂಥ ವಿಜಯಗಳಿಂದಲೇ ಅವನ ಮನೆ ಬರಿದಾಗುತ್ತ ಬಂತು.

ಅವನ ಹೆಂಡತಿ ಲಮ್‌ಯೈ ಎರಡು ಮಳೆಗಾಲ ಮಗ್ಗದ ಮುಂದೆ ಕೂತು ತಂಗಿಯ ಮಗಳ ಮದುವೆಗೆಂದು ಒಂದು ರೇಷ್ಮೆ ಉಡುಗೆ ನೇಯ್ದಿದ್ದಳು. ಮದುವೆಯ ದಿನ ಎಲ್ಲರೆದುರು ಡಬ್ಬಿ ತೆರೆದರೆ ಒಳಗೆ ಹಳೇ ಪೇಪರು, ಅದೂ ಲಾಟರಿ ಫಲಿತಾಂಶದ ಪುಟ. ರೇಷ್ಮೆ ಪೇಟೆಯ ಗಿರವಿ ಅಂಗಡಿ ಸೇರಿ ವಾರ ಕಳೆದಿತ್ತು, ಹಲ್ಲಿಯೊಂದರ ಸಲಹೆಯ ಮೇರೆಗೆ. ಲಮ್‌ಯೈ ಡಬ್ಬಿಯ ಮುಚ್ಚಳ ಹಾಕಿದಳು, ಕಾಲುವೆಯಾಚೆ ತಂಗಿಯ ಮನೆಯಲ್ಲೇ ಉಳಿದಳು.

ಮಾರನೆಯ ದಿನ ಮಳೆಗಾಲದ ವ್ರತ ಶುರು. ಭಿಕ್ಷುಗಳು ಮೂರು ತಿಂಗಳು ವಿಹಾರ ಬಿಟ್ಟು ಕದಲುವುದಿಲ್ಲ, ಊರ ಗಂಡಸರು ಅಷ್ಟು ದಿನ ಹೆಂಡ ಬಿಡುತ್ತಾರೆ. ಕಾಂಪನ್ ಕಾಲುವೆ ದಾಟಿ ಹೋಗಿ ನಿಂತ.

"ನಾನೂ ಹೆಂಡ ಬಿಡ್ತೀನಿ ಕಣೆ."

"ನೀನು ಕುಡಿಯೋದೇ ಇಲ್ವಲ್ಲ!" ಎಂದಳು ಲಮ್‌ಯೈ. "ಮೀನು ಈಜೋದು ಬಿಡ್ತೀನಿ ಅನ್ಬೇಕು. ಮರ ಹತ್ತೋದು ಬಿಡ್ತೀನಿ ಅಂದ್ರೆ ಯಾರಿಗೆ ಬೇಕು? ನಂಬರ್ ಬಿಡು. ವ್ರತ ಮುಗಿಯೋ ದಿನ ಬರ್ತೀನಿ. ಒಂದೇ ಒಂದು ಚೀಟಿ ಬರೆಸಿದ್ರೂ ಅಂಗಳದಿಂದಲೇ ವಾಪಸ್ಸು. ಆಮೇಲೆ ಬರೋದಿಲ್ಲ."

ಹೀಗೆ ಕಾಂಪನ್ ಮಹಾಶಯ ವಿಹಾರದ ಹಿರಿಯ ಗುರುಗಳ ಮುಂದೆ ಮೂರು ಸಲ ಅಡ್ಡಬಿದ್ದು, ಮೂರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಅದಕ್ಕಾಗಿ ತನ್ನನ್ನೇ ಬೈದುಕೊಂಡು, ವ್ರತ ತೊಟ್ಟ.

ಯುದ್ಧ ಮೊದಲ ದಿನವೇ ಅಂಗಡಿ ಬಾಗಿಲಿಗೆ ಬಂತು. ರಿಪೇರಿಗೆ ಬರುವ ಪ್ರತಿ ಬೈಕಿನ ಹಿಂದೆಯೂ ಒಂದು ನಂಬರು! ಚೈನು ಬಿಗಿಯಲು ಕೂತರೆ ಅದು ಮೂಗಿನ ಮುಂದೆಯೇ ನಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಗ್ರೀಸ್ ಒರೆಸುವ ಬಟ್ಟೆಯನ್ನು ಪ್ಲೇಟಿನ ಮೇಲೆ ಕಟ್ಟಿದ. ಉಸಿರು ಬಂತು. ಅಂದಿನಿಂದ ಯಾವ ಗಾಡಿ ಬಂದರೂ ಕಣ್ಣು ಮುಚ್ಚಿಕೊಂಡು ಹಿಂದೆ ಹೋಗಿ ಮೊದಲು ಮುಸುಕು, ಆಮೇಲೆ ಸ್ಪ್ಯಾನರು.

ಎದುರು ಮರದಡಿ ಐಸ್‌ಕ್ಯಾಂಡಿ ಮಾರುವ ಪ್ರಯೂನ್ ಅವನ ಹಳೆಯ ಜೂಜಿನ ಜೊತೆಗಾರ. ಇದನ್ನು ಎರಡು ದಿನ ನೋಡಿದ, ಮೂರನೆಯ ದಿನ ಎದ್ದು ಬಂದ.

"ಏನೋ ಅದು? ಗಾಡಿಗೆ ನೆಗಡಿಯಾ?"

"ನಂಬರ್ ಕಾಣಬಾರದು ಅಂತ."

"ಯಾಕೆ?"

"ಯಾಕೂ ಇಲ್ಲ. ಕಂಡ್ರೆ ತೊಂದರೆ."

ಪ್ರಯೂನನ ಕಣ್ಣು ಅರಳಿತು. ಇಪ್ಪತ್ತು ವರ್ಷ ನಂಬರಿನ ಹಿಂದೆ ಬಿದ್ದವನು ಈಗ ನಂಬರನ್ನು ಬಚ್ಚಿಡುತ್ತಿದ್ದಾನೆ ಎಂದರೆ ಅವನಿಗೇನೋ ಗೊತ್ತಾಗಿದೆ! ಕಾಂಪನ್ ನೀರು ಕುಡಿಯಲು ಒಳಗೆ ಹೋದಾಗ ಮುಸುಕೆತ್ತಿ ನೋಡಿದ. ಎಪ್ಪತ್ತನಾಲ್ಕು. ಒಂದನೇ ತಾರೀಕು ಎಪ್ಪತ್ತನಾಲ್ಕೇ ಬಂತು.

ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಹನ್ನೆರಡು ಬೈಕು. ಒಂದಕ್ಕೂ ರೋಗವಿಲ್ಲ.

"ಅಣ್ಣಾ, ನನ್ನ ಗಾಡೀಲಿ ಏನೋ ಸದ್ದು."

"ಸ್ಟಾರ್ಟೇ ಮಾಡಿಲ್ವಲ್ಲಮ್ಮ."

"ಅದೇ, ಮಾಡಿದ್ರೆ ಬರ್ತದೆ. ನೀನು ಮೊದಲು ಬಟ್ಟೆ ಕಟ್ಟು."

ಯಾರ ಗಾಡಿಗೆ ಮೊದಲು ಕಟ್ಟಿದ, ಯಾರದಕ್ಕೆ ಎರಡು ಗಂಟು ಹಾಕಿದ, ಯಾವ ಬಟ್ಟೆಯಲ್ಲಿ ಗ್ರೀಸ್ ಜಾಸ್ತಿ ಎಂದು ಊರು ಸಂಶೋಧನೆಗೆ ಇಳಿಯಿತು. ಇಪ್ಪತ್ತು ವರ್ಷ ಜಗತ್ತನ್ನು ಓದಿದವನನ್ನು ಈಗ ಜಗತ್ತು ಓದತೊಡಗಿತು. ಅಂಗಡಿಗೆ ಹಿಂದೆಂದೂ ಇಲ್ಲದ ವ್ಯಾಪಾರ, ಕಾಂಪನನಿಗೆ ಹಿಂದೆಂದೂ ಇಲ್ಲದ ಗೊಂದಲ. ಎಪ್ಪತ್ತನಾಲ್ಕು ಅವನದೇ ಬಟ್ಟೆಯ ಕೆಳಗಿತ್ತು. ಅವನು ಅದರ ಮೇಲೆ ಹಣ ಕಟ್ಟಿರಲಿಲ್ಲ. ಹಾಗಾದರೆ ಕೈಬಿಟ್ಟು ಹೋದದ್ದು ಯಾರ ಅದೃಷ್ಟ? ಗೆದ್ದೆನೋ ಸೋತೆನೋ ತಿಳಿಯದೆ ಅವನು ಅನ್ನ ಬಿಟ್ಟ. ಅವನ ಕಾಲುಗಳು ತಾವಾಗಿಯೇ ಎರಡು ಸಲ ಬುವಾಲೈ ಅಕ್ಕನ ಒರಳಿನ ತನಕ ಹೋಗಿ ಪಪಾಯಿ ತಿಂದು ಬಂದವು. ಎರಡನೆಯ ಸಲ ಅವಳೇ ಕೇಳಿದಳು: "ಬರೀ ಪಪಾಯಿನಾ?" ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೂ ತಿಳಿಯಲಿಲ್ಲ, ಅವನಿಗೂ.

ವಿಹಾರಕ್ಕೆ ಓಡಿದ.

"ಗುರುಗಳೇ, ಆಡದೇನೇ ಸೋತ ಹಾಗೆ ಅನಿಸ್ತದೆ. ಈಗಲೇ ಹೋಗಿ ಆಡು ಅನಿಸ್ತದೆ."

ಗುರುಗಳು ಉತ್ತರಿಸಲು ಕೈಯೆತ್ತಿದರು. ಹಿಂದೆ ಕೂತಿದ್ದ ಮೂವರು ಹೆಂಗಸರು ಬೆರಳು ಎಣಿಸುವುದನ್ನು ಕಂಡು ಕೈಯನ್ನು ಕಾವಿಯೊಳಗೆ ಎಳೆದುಕೊಂಡರು. ಹೋದ ತಿಂಗಳು ಅವರು ಕೆಮ್ಮಿದ್ದನ್ನು ನಂಬಿ ಅರ್ಧ ಊರು ಮುಳುಗಿತ್ತು.

"ಅನಿಸಲಿ ಬಿಡಪ್ಪ" ಎಂದರು ತುಟಿ ಕದಲಿಸದೆ. "ಅನಿಸಿದ್ದಕ್ಕೆಲ್ಲ ಯಾಕೆ ಕೆಲಸ ಕೊಡ್ತೀಯ? ಸುಮ್ನೆ ಕೂರಿಸು. ಬೇಜಾರಾಗಿ ಎದ್ದು ಹೋಗ್ತದೆ."

"ಎಷ್ಟು ಹೊತ್ತಿಗೆ ಹೋಗ್ತದೆ?"

ಹೆಂಗಸರು ಕಿವಿ ನಿಮಿರಿಸಿದರು. ಗುರುಗಳು ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರು.

ಕಾಂಪನ್ ಮನೆಗೆ ಬಂದು ಅನಿಸಿದ್ದನ್ನು ಕೂರಿಸಿಕೊಂಡ. ಅದು ಬಹಳ ಹೊತ್ತು ಕೂತಿತ್ತು, ನೆಂಟನ ಹಾಗೆ ಎಲೆಯಡಿಕೆ ಕೇಳುತ್ತ. ಸಂಜೆಗೆ ಎದ್ದು ಹೋಯಿತು, ಬೆಳಿಗ್ಗೆ ಮತ್ತೆ ಬಂತು. ಹೀಗೇ ಮೂರು ತಿಂಗಳು.

ಆ ವರ್ಷ ವ್ರತ ಮುಗಿಯುವ ಹುಣ್ಣಿಮೆಯೂ ಹದಿನಾರನೇ ತಾರೀಕೂ ಒಂದೇ ದಿನ ಬಂದವು. ಮಧ್ಯಾಹ್ನ ಫಲಿತಾಂಶ ಓದಿ ರೇಡಿಯೋ ನಿಂತಿತೋ ಇಲ್ಲವೋ, ಪ್ರಯೂನ್ ಐಸ್ ಪೆಟ್ಟಿಗೆ ಮರದಡಿಯೇ ಬಿಟ್ಟು ಓಡಿಬಂದ. ಕೈಯಲ್ಲಿ ಬುವಾಲೈ ಅಕ್ಕ ಕಟ್ಟಿಕೊಟ್ಟ ಬಾಳೆಲೆಯ ಪೊಟ್ಟಣ.

"ಹತ್ತೊಂಬತ್ತು! ನಿನ್ನ ಹೆಂಡ್ತಿ ಓಡಿಸ್ತಾಳಲ್ಲ, ತಂಗಿ ಸ್ಕೂಟರ್ರು, ಅದರ ನಂಬರ್ರು! ಊರಿಗೆಲ್ಲ ಬಟ್ಟೆ ಕಟ್ಟಿದ್ದೀಯ, ನೀನು ಕಟ್ಟದೇ ಇರೋದು ಅದೊಂದಕ್ಕೇ. ನನ್ನ ತಲೆ ನೋಡು! ನಿನ್ನ ಹೆಸರಲ್ಲೂ ಒಂದು ಚೀಟಿ ಬರೆಸಿದ್ದೆ. ತಗೋ ನಿನ್ನ ದುಡ್ಡು."

ಅಷ್ಟರಲ್ಲಿ ಅಂಗಳದ ಬಾಯಲ್ಲಿ ಬ್ರೇಕು ಕಿರುಚಿತು. ಲಮ್‌ಯೈ! ಸ್ಕೂಟರಿನ ಮುಂದೆ ಅಂಟು ಅಕ್ಕಿಯ ಅನ್ನದ ಬುಟ್ಟಿ. ಅವಳು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ ಪೊಟ್ಟಣ ನೋಡಿದಳು, ಗಂಡನನ್ನು ನೋಡಿದಳು.

"ಏನದು?"

ಕಾಂಪನನ ಬಾಯಲ್ಲಿ ಸುಳ್ಳುಗಳು ಸಾಲಾಗಿ ಸಿದ್ಧವಾಗಿದ್ದವು, ಒಂದಕ್ಕಿಂತ ಒಂದು ಹೊಳಪಿನವು. ಮೀನು. ಹುಣ್ಣಿಮೆಯ ಸಿಹಿ. ಪ್ರಯೂನನ ಹಳೇ ಬಾಕಿ.

"ಚೀಟಿ ಬಂದದ್ದು" ಎಂದ. "ನಾನು ಬರೆಸಿಲ್ಲ, ಇವನು ಬರೆಸಿದ್ದು ನನ್ನ ಹೆಸರಲ್ಲಿ. ಮುಟ್ಟಿಲ್ಲ. ಆದ್ರೆ ಬೇಡ ಅಂತ ಬಾಯಿ ಹೇಳೋ ಮೊದಲೇ ಕೈ ಚಾಚಿತ್ತು. ಎರಡು ಸಲ ಬುವಾಲೈ ಅಂಗಡಿಗೂ ಹೋಗಿದ್ದೆ. ಪಪಾಯಿ ತಿಂದು ಬಂದೆ. ಇದು ವ್ರತ ಮುರಿದ ಹಾಗೋ ಅಲ್ವೋ ನಂಗೊತ್ತಿಲ್ಲ. ನೀನೇ ಹೇಳು."

ಗಂಡನ ಬಾಯಿಂದ ಇಂಥದ್ದು ಬಂದದ್ದನ್ನು ಲಮ್‌ಯೈ ಕೇಳಿಯೇ ಇರಲಿಲ್ಲ. ಸ್ಕೂಟರ್ ತಿರುಗಿಸಬೇಕೋ ನಿಲ್ಲಿಸಬೇಕೋ ಅವಳಿಗೂ ಗೊಂದಲವಾದಂತಿತ್ತು.

"ಪ್ರಯೂನಣ್ಣ" ಎಂದಳು ಕೊನೆಗೆ. "ಅದನ್ನ ನಿನ್ನ ಮನೆಗೆ ಒಯ್ಯಿ. ಇನ್ನೊಂದ್ಸಲ ಇವನ ಹೆಸರು ಬರೆಸಿದ್ರೆ ಆ ಗ್ರೀಸ್ ಬಟ್ಟೆ ನಿನ್ನ ಮುಖಕ್ಕೆ ಕಟ್ತೀನಿ."

"ಎರಡು ಗಂಟು ಹಾಕ್ತೀಯಾ, ಒಂದಾ?" ಎಂದು ಕೇಳಿದ ಪ್ರಯೂನ್, ಅಭ್ಯಾಸಬಲದಿಂದ. ಅವಳು ಚಪ್ಪಲಿ ಬಿಚ್ಚುವಷ್ಟರಲ್ಲಿ ಪೊಟ್ಟಣ ಸಮೇತ ರಸ್ತೆಯಾಚೆ ಇದ್ದ.

"ವ್ರತ ಇವತ್ತಿಗೆ ಮುಗೀತಲ್ಲ. ನಾಳೆ?" ಎಂದಳು ಗಂಡನಿಗೆ.

"ಅದೇ ಭಯ ಆಗಿರೋದು."

ಲಮ್‌ಯೈ ಸ್ಕೂಟರಿನಿಂದ ಇಳಿದಳು. ಬುಟ್ಟಿಯನ್ನು ಜಗಲಿಯ ಮೇಲಿಟ್ಟಳು. "ಬ್ರೇಕು ಕಿರುಚ್ತದೆ. ನೋಡು" ಎಂದಳು.

ಕಾಂಪನ್ ಕಣ್ಣು ಮುಚ್ಚಿಕೊಂಡು, ಬಟ್ಟೆ ಹಿಡಿದು, ಸ್ಕೂಟರಿನ ಹಿಂದಕ್ಕೆ ಸರಿದ. ಬಟ್ಟೆಯನ್ನು ಅವಳು ಕಿತ್ತುಕೊಂಡಳು.

"ಕಣ್ಣು ಬಿಟ್ಟುಕೊಂಡು ಮಾಡು."

ಅವನು ಬಿಟ್ಟ. ಹತ್ತೊಂಬತ್ತು ಅವನ ಮುಖಕ್ಕೆ ಮುಖ ಕೊಟ್ಟು ನಿಂತಿತ್ತು. ಇವತ್ತು ಬಂದದ್ದು ಮುಂದಿನ ಸಲ ತಿರುಗಿ ಬರುವುದುಂಟು, ತೊಂಬತ್ತೊಂದಾಗಿ, ಎಂದು ಒಳಗಿನ ನೆಂಟ ಎಲೆಯಡಿಕೆ ಕೇಳಿದ. ಕೂತ್ಕೋ ಮಾರಾಯ ಎಂದುಕೊಂಡು ಕಾಂಪನ್ ಸ್ಪ್ಯಾನರಿಗೆ ಕೈ ಹಾಕಿದ.