ತೇವಾರಂ ಕ್ಯಾನಿನ ನೀರು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ. ಕಡತಗಳಿಗೆ ಸಹಿ ಹಾಕಿ ಹಾಕಿ ಸಾಕಾಗಿತ್ತು. ಹೊಸದೇನನ್ನೂ ಮೈಮೇಲೆ ಎಳೆದುಕೊಳ್ಳುವ ಉಮೇದು ಉಳಿದಿರಲಿಲ್ಲ. ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ ಚಿತ್ರಾ, ತೇವಾರಂನವಳು. ನನ್ನ ತವರು ಅದೇ ಬೆಟ್ಟದ ಕಣಿವೆಯ ಬೋಡಿನಾಯಕನೂರು. ಇಬ್ಬರದೂ ಮನೆಮಾತು ಕನ್ನಡವಾದ್ದರಿಂದ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದಾಗ ತಮಿಳು ಬದಿಗೆ ಸರಿಯುತ್ತಿತ್ತು.

ಅವಳ ಕೆಲಸ ಎಂಓಎಫ್ ಎಂಬ ಪುಡಿ ತಯಾರಿಸುವುದು. ಲೋಹವೂ ಸಾವಯವ ಆಮ್ಲವೂ ಜಾಲರಿಯಂತೆ ಹೆಣೆದುಕೊಂಡು, ಒಳಗೆ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅವು ಗಾಳಿಯ ತೇವವನ್ನು ಹೀರುತ್ತವೆ. ಏಲಕ್ಕಿ ಗೋದಾಮುಗಳಿಗೆ ಉಪಯೋಗವಾದೀತೆಂಬ ಆಸೆ ನಮಗೆ. ಇಂಥ ಅನೇಕ ಪುಡಿಗಳನ್ನು ಡಿಎಂಎಫ್ ಎಂಬ, ಯಕೃತ್ತಿಗೆ ಕೆಡುಕಾದ ದ್ರಾವಕದಲ್ಲಿ ತಯಾರಿಸುತ್ತಾರೆ. ಚಿತ್ರಾ ಅಲ್ಯೂಮಿನಿಯಂ ಫ್ಯೂಮರೇಟ್ ಎಂಬ ಅಂಥದೇ ಪುಡಿಯನ್ನು ಸಾಧಾರಣ ನಲ್ಲಿ ನೀರಿನಲ್ಲೇ ಮಾಡಿದ್ದಳು. ಪ್ರಬಂಧದ ಹೆಗ್ಗಳಿಕೆಯೇ ಅದು. ತಿಂಗಳ ಕೊನೆಯೊಳಗೆ ಸಲ್ಲಿಸಿದರೆ ಅವಳಿಗೆ ಒಂದು ಕಾಲೇಜಿನಲ್ಲಿ ಕಾಯಂ ಕೆಲಸ ಸಿಗುವುದಿತ್ತು.

ಸಲ್ಲಿಸುವ ಮುನ್ನ ಪ್ರಯೋಗವನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸಿ ನೋಡುವುದು ನನ್ನ ಪದ್ಧತಿ. ಈ ಸಲ ನಾನೇ ಮಾಡಿದೆ. ಪುಡಿಯೇನೋ ಬಂತು, ರಂಧ್ರ ಅಳೆಯುವ ಬಿಇಟಿ ಪರೀಕ್ಷೆಯಲ್ಲಿ ಅವಳದರ ಅರ್ಧವೂ ಇಲ್ಲ! ಮೂರು ಸಲ ಮಾಡಿದರೂ ಅದೇ ಹಣೆಬರಹ.

"ಯಾವ ನೀರ್ ಹಾಕ್ದೆ?" ಎಂದೆ.

"ಪೈಪ್ ನೀರೇ ಮೇಡಂ." ಆಮೇಲೆ ಮೆಲ್ಲಗೆ, "ನಮ್ಮೂರ್ ಪೈಪ್ದು" ಎಂದು ಮೇಜಿನ ಕೆಳಗಿನ ಕ್ಯಾನ್ ತೋರಿಸಿದಳು.

ನಮ್ಮ ಕಣಿವೆಯವರಿಗೆ ದಿಂಡಿಗಲ್ ನೀರು ಬಾಯಿಗೆ ಸೇರದು. ಊರಿಗೆ ಹೋದಾಗಲೆಲ್ಲ ಕ್ಯಾನ್ ತುಂಬಿಸಿ ಬಸ್ಸಿಗೆ ಹಾಕಿಕೊಂಡು ಬರುತ್ತೇವೆ. ಒಳ್ಳೆಯ ನೀರೆಂದು ಅದನ್ನೇ ಅವಳು ಪ್ರಯೋಗಕ್ಕೂ ಬಳಸಿದ್ದಳು. ಬೆಟ್ಟದ ಬುಡದ ಮೆದು ನೀರು ಅದು. ಇಲ್ಲಿನ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ನಾನು ಮಾಡಿದಾಗ ಅದು ಜಾಲರಿಯನ್ನು ಸರಿಯಾಗಿ ಕೂಡಲು ಬಿಡಲಿಲ್ಲ. ನಾಲ್ಕು ವರ್ಷ ಅದೇ ಕ್ಯಾನಿನಿಂದ ಕುಡಿದ ನನಗೂ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು!

ನಾನು ದಣಿದಿದ್ದೆ. ಅವಳ ಕೆಲಸ ಕೈತಪ್ಪುವುದೂ ಬೇಡವಾಗಿತ್ತು. "ಬರೀ 'ನೀರು' ಅಂತ ಬರೆದ್ಬಿಡು. ಸುಳ್ಳೇನಲ್ಲವಲ್ಲ" ಎಂದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಕ್ಯಾನಿನ ಮುಚ್ಚಳ ಬಿಗಿ ಮಾಡಿದಳು. "ಅದ ಓದಿ ಈ ಊರೋರ್ ಯಾರಾರ ಮಾಡುದ್ರೆ ಬರಲ್ಲ ಮೇಡಂ. ಪಾವಂ ಅವ್ರು, ತಪ್ಪು ತಮ್ದೇ ಅಂದ್ಕಂತಾರೆ."

"ಕೆಲ್ಸ?"

"ಹೋದ್ರೆ ಹೋಗ್ಲಿ" ಎಂದವಳೇ ಗಳಗಳ ಅತ್ತಳು.

ಯಾವ ನಲ್ಲಿ ನೀರಾದರೂ ಆದೀತೆಂಬ ವಾದವೇ ಬಿದ್ದುದರಿಂದ ಸಲ್ಲಿಸಲಾಗದೆ ಗಡುವು ಮುಗಿಯಿತು, ಕೆಲಸ ಬೇರೆಯವರ ಪಾಲಾಯಿತು. ಮತ್ತೆ ಎಂಟು ತಿಂಗಳು ದುಡಿದೆವು. ದಿಂಡಿಗಲ್ ನೀರನ್ನು ಕುದಿಸಿ, ಆರಿಸಿ, ತಳದ ಸುಣ್ಣವನ್ನು ಸೋಸಿ ತೆಗೆದರೆ ಪುಡಿ ಸುಮಾರಾಗಿ ಬರುತ್ತಿತ್ತು, ಪೂರ್ತಿ ಅಲ್ಲ. ಕುದಿಸಲು ಕರೆಂಟೂ ಖರ್ಚು. ಅದನ್ನೂ, ಯಾವ ಊರಿನ ನೀರೆಂಬುದನ್ನೂ ಅವಳು ಇದ್ದದ್ದು ಇದ್ದ ಹಾಗೆ ಬರೆದಳು. ಡಿಗ್ರಿ ಬಂತು. ಇಂದಿಗೂ ಅವಳದು ತಾತ್ಕಾಲಿಕ ಹುದ್ದೆಯೇ.

ವೃತ್ತಿಯುದ್ದಕ್ಕೂ ಯಾವ ಆಮ್ಲ, ಎಷ್ಟು ಬಿಸಿ ಎಂದು ಎಲ್ಲರನ್ನೂ ಗದರಿಸಿ ಕೇಳಿದವಳು ಎಲ್ಲಿಯ ನೀರೆಂದು ಮಾತ್ರ ಅಲ್ಲಿಯವರೆಗೆ ಕೇಳಿರಲಿಲ್ಲ. ಅದು ನಮ್ಮ ಕಡೆಯದು, ಅದಕ್ಕೆ. ನಮ್ಮದು ಎನ್ನುವುದನ್ನೇ ಮೊದಲು ಪರೀಕ್ಷಿಸಬೇಕೆಂದು ಕಲಿತೆ. ಕಲಿತವಳು ನಾನು, ತೆತ್ತವಳು ಅವಳು.

ಹೋದ ತಿಂಗಳು ಚಿತ್ರಾ ಮನೆಗೆ ಬಂದಿದ್ದಳು, ಕೈಯಲ್ಲಿ ಅದೇ ಕ್ಯಾನ್. "ಇದು ಕುಡಿಯಾಕ್ ಮಾತ್ರ, ಮೇಡಂ" ಎಂದು ನಕ್ಕು ಲೋಟಕ್ಕೆ ಬಗ್ಗಿಸಿಕೊಟ್ಟಳು. ನೀರು ಸಿಹಿಯಾಗಿಯೇ ಇತ್ತು. ನನಗೆ ನಗಲು ಆಗಲಿಲ್ಲ.