ಪವನೀತಳ ಮೂರನೆಯ ಉತ್ತರ

ಪಂಜಾಬಿನ ಮೋಗಾದಲ್ಲಿ, ಕೆನಡಾಕ್ಕೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್‌ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪವನೀತಳನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮಹಾರಾಣಿ ಪ್ರಶ್ನೆಪತ್ರಿಕೆಯ ಪಾಠ ಓದುತ್ತಲೇ ಇರಲಿಲ್ಲ. ಮೊದಲು ಪ್ರಶ್ನೆ ನೋಡಿ, ಆಮೇಲೆ ಕೋಳಿ ಕಾಳು ಹೆಕ್ಕಿದಂತೆ ಪಾಠದಿಂದ ಉತ್ತರ ಹೆಕ್ಕುತ್ತಿದ್ದಳು. "ಸರಿ, ತಪ್ಪು, ಇಲ್ಲಾಂದ್ರೆ 'ಪಾಠದಲ್ಲಿ ಹೇಳಿಲ್ಲ'. ಇರೋದೇ ಮೂರು ಉತ್ತರ ಕಣೇ. ನಿನ್ನ ತಲೆಯಿಂದ ಏನೂ ಸೇರಿಸ್ಬೇಡ" ಎಂದು ಪರಾಠ ಜಗಿಯುತ್ತಲೇ ನನಗೆ ಉಪದೇಶ ಬೇರೆ. ಪರೀಕ್ಷೆಯಲ್ಲಿ ನನಗೆ ಮತ್ತೆ ಒಂಬತ್ತಕ್ಕೆ ಐದೂವರೆ ಬ್ಯಾಂಡ್ ಅಂಕ. ಅವಳಿಗೆ ಏಳು ಬಂದದ್ದೇ ತಡ, ಮಗನನ್ನು ಕಟ್ಟಿಕೊಂಡು ಜೊತೆಗೆ ಕರೆದೊಯ್ದರೆ ಸಾಕು, ಕೆನಡಾ ಖರ್ಚೆಲ್ಲ ನಮ್ಮದೆಂದು ಗಂಡಿನ ಕಡೆಯವರು ಸಾಲುಗಟ್ಟಿದರು. ನಿಶ್ಚಿತಾರ್ಥದ ದಿನ ಹೊಟ್ಟೆಕಿಚ್ಚು ತಡೆಯದೆ ಕೇಳಿದೆ: "ಅಲ್ಲಿಗೆ ಹೋದ್ಮೇಲೆ ಅವನು ನಿನ್ನನ್ನ ಚೆನ್ನಾಗಿ ನೋಡ್ಕೋತಾನೇನೇ?" ಭಾಂಗ್ಡಾ ಕುಣಿಯುತ್ತಿದ್ದ ಹುಡುಗನನ್ನು ಅವಳು ಬಹಳ ಹೊತ್ತು ನೋಡಿ, "ಪಾಠದಲ್ಲಿ ಹೇಳಿಲ್ಲ" ಅಂದಳು. ಹಾಳಾದವಳ ಆ ಮೂರನೆಯ ಉತ್ತರ ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ.